ಹಗ್ಗ, ಬಂಡೆ, ಡೈನೋಸಾರ್ ಕಿಟ್: ಮಕ್ಕಳಿಗೆ ಭೂಮಿಯ ಹಳೇ ಕಥೆ ಹೇಳಲು ಯಾವುದನ್ನು ಆರಿಸಿಕೊಳ್ಳಬೇಕು?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. ಬಸವನಗುಡಿಯ ಒಬ್ಬರು, ಮಗಳಿಗೆ ಡೈನೋಸಾರ್ ಹುಚ್ಚು ಹಿಡಿದಿದೆ, ಹುಟ್ಟುಹಬ್ಬಕ್ಕೆ ಆ ಅಗೆದು ಮೂಳೆ ತೆಗೆಯುವ ಕಿಟ್ ಕೊಡಿಸಲಾ ಅಂತ. ಯಲಹಂಕದ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು, ನಲವತ್ತು ಮಕ್ಕಳಿದ್ದಾರೆ, ದುಡ್ಡಿಲ್ಲ, ಪಾಠದಲ್ಲಿ ಪಳೆಯುಳಿಕೆ ಬಂದಿದೆ, ಏನು ತೋರಿಸಲಿ ಅಂತ. ಮೂರನೆಯವರು ನನ್ನ ಜೊತೆ ಮುಂಚೆ ಕೆಲಸ ಮಾಡುತ್ತಿದ್ದ ಟೀಚರ್. ಅವರ ಶಾಲೆಯಲ್ಲಿ ವರ್ಷಕ್ಕೊಂದು ಟ್ರಿಪ್ಪಿಗೆ ಬಸ್ ಸಿಗುತ್ತದೆ, ಎಲ್ಲಿಗೆ ಹೋಗೋದು ಅನ್ನೋದೇ ಅವರ ತಲೆನೋವು.

ಮೂವರಿಗೂ ಫೋನಿನಲ್ಲಿ ಮೂರು ಬೇರೆ ಉತ್ತರ ಕೊಟ್ಟೆ. ಆಮೇಲೆ ಅನಿಸಿತು, ಒಂದ್ಸಲ ಬರೆದೇ ಇಟ್ಟುಬಿಡೋಣ. ನಾನು ಆರರಿಂದ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವಳು. ಕೆಳಗಿನ ಬಹುಪಾಲನ್ನು ನಾನೇ ಮಾಡಿ ನೋಡಿದ್ದೇನೆ, ಕೆಲವನ್ನು ಚೆನ್ನಾಗಿ ಕೆಡಿಸಿಯೂ ಇದ್ದೇನೆ.

ಮೊದಲು, ಯಾವ ತಕ್ಕಡಿಯಲ್ಲಿ ತೂಗೋದು

ಈ ವಿಷಯದಲ್ಲಿ ಮಗುವಿಗೆ ಸಿಗಬೇಕಾದ್ದು ಮೂರು: ಕಾಲ, ಕಲ್ಲು, ಜೀವ. ನಾನು ನೋಡಿದ ಯಾವ ಒಂದು ವಸ್ತುವೂ ಮೂರನ್ನೂ ಕೊಡಲ್ಲ. ಹಾಗಾಗಿ ನಿಮ್ಮ ಮಗುವಿಗೆ ಯಾವುದು ಇಲ್ಲ ಅಂತ ಮೊದಲು ನೋಡಿ. ಇಪ್ಪತ್ತು ಡೈನೋಸಾರ್ ಹೆಸರು ಪಟಪಟ ಹೇಳುವ ಹುಡುಗನೇ, ನಮ್ಮ ಮುತ್ತಜ್ಜ ಅವನ್ನು ನೋಡಿರಬಹುದಾ ಮಿಸ್ ಅಂತ ಕೇಳಿದ್ದಾನೆ. ಅವನಿಗೆ ಜೀವ ಸಿಕ್ಕಿದೆ, ಕಾಲ ಸಿಕ್ಕಿಲ್ಲ. ಭೂಮಿಗೆ 454 ಕೋಟಿ ವರ್ಷ ಅಂತ ಬಾಯಿಪಾಠ ಒಪ್ಪಿಸುವ ಹುಡುಗಿ, ದಿನಾ ತುಳಿಯುವ ಕಲ್ಲು ಎಲ್ಲಿಂದ ಬಂತು ಅಂದರೆ, ಅಂಗಡಿಯಿಂದ ಅನ್ನುತ್ತಾಳೆ. ಅವಳಿಗೆ ಬೇಕಾದ್ದು ಕಲ್ಲು.

ಎರಡನೆಯದು, ಮಗು ಕೈಯಲ್ಲಿ ಏನು ಮಾಡುತ್ತೆ. ಸುಮ್ನೆ ನೋಡಿದ್ದು ಸಂಜೆಗೆ ಮರೆತುಹೋಗುತ್ತೆ. ಮೂರನೆಯದು ಖರ್ಚು, ಅದನ್ನು ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ. ಮನೆಯಲ್ಲಿ ಒಂದು ಮಗುವಿಗೆ ಅಗ್ಗ ಅನಿಸಿದ್ದು ನಲವತ್ತು ಮಕ್ಕಳಿಗೆ ಮೈಮೇಲೆ ಬರುತ್ತೆ. ನಾಲ್ಕನೆಯದನ್ನು ಜನ ಕೇಳೋದೇ ಇಲ್ಲ: ಇದು ಏನಾದರೂ ತಪ್ಪು ಕಲಿಸುತ್ತಾ? ಒಂದ್ಸಲ ತಲೆಗೆ ಹೋದ ತಪ್ಪನ್ನು ತೆಗೆಯೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ. ನಾನು ನಂಬರ್ ಕಡಿಯೋದು ಇಲ್ಲೇ.

ಹಗ್ಗ: ನೂರು ಮೊಳ

ನನ್ನ ಮೊದಲ ಓಟು ಇದಕ್ಕೆ. ಒಂದು ಕೋಟಿ ವರ್ಷಕ್ಕೆ 10 ಸೆಂಟಿಮೀಟರ್ ಹಿಡಿದರೆ ಭೂಮಿಯ ಇಡೀ ವಯಸ್ಸಿಗೆ 45 ಮೀಟರಿಗಿಂತ ಚೂರು ಜಾಸ್ತಿ ಹಗ್ಗ ಬೇಕು. ಕ್ರಿಕೆಟ್ ಪಿಚ್ ಎರಡನ್ನು ಸಾಲಾಗಿ ಇಟ್ಟು, ಇನ್ನೊಂದೈದು ಮೀಟರ್ ಸೇರಿಸಿದಷ್ಟು. ನಮ್ಮ ಲಕ್ಷ-ಕೋಟಿ ಲೆಕ್ಕ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ: 1 ಮಿಲಿಮೀಟರ್ ಅಂದರೆ 1 ಲಕ್ಷ ವರ್ಷ. ಮಿಲಿಯನ್ನು, ಬಿಲಿಯನ್ನು ಅಂತ ಮಕ್ಕಳನ್ನು ಸೊನ್ನೆ ಎಣಿಸಲು ಕೂರಿಸಬೇಕಿಲ್ಲ.

ಇನ್ನೊಂದು ಮಜಾ ಇದೆ. ಹೂವಿನವರು ಮೊಳ ಹಾಕುತ್ತಾರಲ್ಲ, ಮೊಣಕೈಯಿಂದ ಬೆರಳ ತುದಿಗೆ, ಅದು ಸುಮಾರು 45 ಸೆಂಟಿಮೀಟರ್. ಅಂದರೆ ಭೂಮಿಯ ಕಥೆ ಪೂರ್ತಿ ನೂರು ಮೊಳ. ಇದು ನನಗೆ ಹೊಳೆದದ್ದಲ್ಲ. ಒಬ್ಬಳು ಹುಡುಗಿ, ಅವಳ ಅಮ್ಮ ಹೂ ಮಾರುತ್ತಾರೆ, ಹಗ್ಗದ ತುದಿ ಹಿಡಿದು ಸರಸರ ಮೊಳ ಹಾಕುತ್ತಾ ಬಂದು ಕೆಂಪು ಕ್ಲಿಪ್ಪಿನ ಹತ್ತಿರ ನಿಂತಳು. "ಮಿಸ್, ಡೈನೋಸಾರ್ ಸತ್ತು ಒಂದೂವರೆ ಮೊಳ ಆಯ್ತು" ಅಂದಳು. 6.6 ಕೋಟಿ ವರ್ಷ, 66 ಸೆಂಟಿಮೀಟರ್. ಲೆಕ್ಕ ಸರಿಯಾಗೇ ಇತ್ತು.

ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಚೀಟಿ ಅಂಟಿಸಿ, ಈ ಹೊತ್ತಿನ ತುದಿಯಿಂದ ಹಿಂದಕ್ಕೆ ಹೋಗಿ. ನಮ್ಮಂಥ ಮನುಷ್ಯರು ಬಂದದ್ದು 3 ಮಿಲಿಮೀಟರಿನಲ್ಲಿ. ಡೈನೋಸಾರ್‌ಗಳು ಶುರುವಾಗಿದ್ದು 2 ಮೀಟರ್ 30ರಲ್ಲಿ. ನೆಲದ ಮೇಲೆ ಗಿಡ ಹತ್ತಿದ್ದು 4 ಮೀಟರ್ 70ರ ಆಸುಪಾಸು. ಕಣ್ಣಿಗೆ ಕಾಣುವ ಪ್ರಾಣಿಗಳು ಆರು ಮೀಟರಿನೊಳಗೇ ಮುಗಿದುಹೋಗುತ್ತವೆ. ಅಲ್ಲಿಂದ ಹಿಂದಕ್ಕೆ ಸುಮಾರು 87 ಮೊಳ ಹಗ್ಗದಲ್ಲಿ ಒಂದು ಹುಳವೂ ಇಲ್ಲ. ಗಾಳಿಗೆ ಆಮ್ಲಜನಕ ಸೇರಲು ಶುರುವಾಗಿದ್ದು 24 ಮೀಟರಿನಲ್ಲಿ, ಜೀವ ಇತ್ತು ಅನ್ನೋದಕ್ಕೆ ಕಲ್ಲಿನಲ್ಲಿ ಸಿಕ್ಕ ಹಳೆಯ ಗುರುತುಗಳು 35 ಮೀಟರಿನಲ್ಲಿ, ಅದೂ ಬರೀ ಸೂಕ್ಷ್ಮಜೀವಿಗಳದ್ದು. ಆ ಖಾಲಿ ಹಗ್ಗ ಹಿಡಿದು ನಿಂತ ಮಕ್ಕಳು, ನಮ್ಮ ಹತ್ರ ಏನೂ ಇಲ್ವಲ್ಲ ಮಿಸ್ ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ, ಪಾಠ ಇರೋದೇ ಅಲ್ಲಿ.

ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ಈ ಹಗ್ಗದಲ್ಲಿ ಅದು ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗ, ತಲೆಕೂದಲಿಗಿಂತ ತೆಳ್ಳಗೆ. ಕ್ಲಿಪ್ ಹಾಕಲು ಆಗಲ್ಲ.

ಒಬ್ಬ ಹುಡುಗ ತ್ರೇತಾಯುಗಕ್ಕೆ ಎಲ್ಲಿ ಕ್ಲಿಪ್ ಹಾಕಲಿ ಅಂದ. ನಗಬೇಡಿ, ಬೈಯಲೂ ಬೇಡಿ. ಅದು ಪುರಾಣದ ಲೆಕ್ಕ, ಇದು ಕಲ್ಲಿನ ಲೆಕ್ಕ, ಎರಡಕ್ಕೂ ಒಂದೇ ಹಗ್ಗ ಬೇಡ ಅಂದೆ. ಒಪ್ಪಿಕೊಂಡ.

ಹಗ್ಗದಲ್ಲಿ ಕಾಲ ಪೂರ್ತಿ ಸಿಗುತ್ತೆ, ಜೀವ ಅರ್ಧ, ಕಲ್ಲು ಇಲ್ಲವೇ ಇಲ್ಲ. ಖರ್ಚು ನಲವತ್ತು ಮಕ್ಕಳಿಗೂ ಸೇರಿ ಒಂದು ಕಟ್ಟು ಹುರಿ, ಒಂದು ಡಜನ್ ಕ್ಲಿಪ್. ಉಲ್ಲನ್ ದಾರ ಮಾತ್ರ ತರಬೇಡಿ. ಮೊದಲ ವರ್ಷ ನಾನು ತಂದಿದ್ದೆ. ಎಳೆದ ಕಡೆ ಹಿಗ್ಗಿ ಡೈನೋಸಾರ್‌ಗಳ ಕಾಲ ಒಂದಡಿ ಉದ್ದವಾಯಿತು, ಆಮೇಲೆ ಸಿಕ್ಕುಬಿದ್ದು ಅರ್ಧ ಪೀರಿಯಡ್ ಬಿಡಿಸಿದ್ದೇ ಆಯಿತು. ಜಾಗ ಇಲ್ಲದ ಮನೆಯವರು ಕೋಟಿಗೆ 1 ಸೆಂಟಿಮೀಟರ್ ಹಿಡಿಯಿರಿ, ನಾಲ್ಕೂವರೆ ಮೀಟರ್, ಹಾಲಿನ ಗೋಡೆಗೆ ಸಾಕು.

ಲಾಲ್‌ಬಾಗ್ ಬಂಡೆ

ಬೆಂಗಳೂರಿನವರಿಗೆ ಇಂಥದ್ದು ಊರೊಳಗೇ ಇದೆ, ನಾವು ಅದರ ಮೇಲೆ ಕೂತು ಕಡಲೆಕಾಯಿ ತಿಂದು ಬರುತ್ತೇವೆ. ಕೆಂಪೇಗೌಡ ಗೋಪುರದ ಕೆಳಗಿನ ಆ ಬಂಡೆ ಪೆನಿನ್ಸುಲಾರ್ ನೈಸ್ ಅನ್ನುವ ಪಟ್ಟೆಪಟ್ಟೆ ಕಲ್ಲಿನ ಜಾತಿಯದು, ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಹಗ್ಗದಲ್ಲಿ ಅದರ ಕ್ಲಿಪ್ 30 ಮೀಟರಿನಲ್ಲಿ, ಆ ಖಾಲಿ ಭಾಗದ ಮಧ್ಯದಲ್ಲಿ.

ಹೋದಾಗ ಮಕ್ಕಳನ್ನು ಕುಕ್ಕರಗಾಲಲ್ಲಿ ಕೂರಿಸಿ, ಮುಖ ಬಂಡೆಯ ಹತ್ತಿರ ತನ್ನಿ. ಬಿಳಿ ಪಟ್ಟೆ, ಕಪ್ಪು ಪಟ್ಟೆ. ಬಿಳಿಯದರಲ್ಲಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್; ಕಪ್ಪಿನಲ್ಲಿ ಮಿಣಮಿಣ ಅನ್ನುವ ಕಾಗೆಬಂಗಾರ. ಪಟ್ಟೆಗಳು ನೆಟ್ಟಗಿಲ್ಲ, ಎರಡು ಬಣ್ಣದ ಹಿಟ್ಟು ಸೇರಿಸಿ ನಾದಿದ ಹಾಗೆ ಸುತ್ತಿಕೊಂಡಿವೆ. ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಮೆತ್ತಗಾದ ಕಲ್ಲು ಇದು. ಒಂದು ಕಡೆ ಬಿಳಿ ಗೀಟೊಂದು ಈ ಪಟ್ಟೆಗಳನ್ನೆಲ್ಲ ಅಡ್ಡ ಕತ್ತರಿಸಿಕೊಂಡು ಹೋಗುತ್ತೆ. ಅಲ್ಲಿ ನಿಂತು ಕೇಳಿ: ಯಾವುದು ಮೊದಲು, ಪಟ್ಟೆಯೋ ಗೀಟೋ? ಉತ್ತರ ಬರದಿದ್ದರೆ ರಂಗೋಲಿ ನೆನಪಿಸಿ. ಬಾಗಿಲ ಮುಂದಿನ ರಂಗೋಲಿ ಮೇಲೆ ಸ್ಕೂಟರ್ ಚಕ್ರದ ಗುರುತಿದ್ದರೆ ಯಾವುದು ಮೊದಲು ಬಂತು? ಒಂದನೇ ಕ್ಲಾಸಿನ ಮಗುವೂ ಹೇಳುತ್ತೆ. ಭೂವಿಜ್ಞಾನಿಗಳು ಮಾಡೋದೂ ಇದೇ ಊಹೆ.

ಅಲ್ಲಿ ಒಂದು ಪ್ರಶ್ನೆ ಗ್ಯಾರಂಟಿ ಬರುತ್ತೆ: ಇದರೊಳಗೆ ಡೈನೋಸಾರ್ ಮೂಳೆ ಇದೆಯಾ? ಇಲ್ಲ, ಇರಲು ಸಾಧ್ಯವೂ ಇಲ್ಲ. ಕಲ್ಲು ಹುಟ್ಟಿ 275 ಕೋಟಿ ವರ್ಷ ಕಳೆದ ಮೇಲೆ ಡೈನೋಸಾರ್‌ಗಳು ಬಂದವು. ಅದೂ ಅಲ್ಲದೆ ಪಳೆಯುಳಿಕೆ ಉಳಿಯೋದು ಸಾಮಾನ್ಯವಾಗಿ ಮರಳು, ಕೆಸರು ಕೂತು ಆದ ಪದರುಶಿಲೆಯಲ್ಲಿ, ಹೀಗೆ ಬೆಂದು ನಾದಿಹೋದ ಕಲ್ಲಿನಲ್ಲಲ್ಲ. ಬೆಂಗಳೂರಿನ ಕಷ್ಟ ಇದೇ, ನಮ್ಮ ಕಾಲ ಕೆಳಗೆ ಕಲ್ಲು ಬೇಕಾದಷ್ಟು, ಜೀವ ಇಲ್ಲ. ಆದರೆ ಅದೇ ತೋಟದಲ್ಲಿ ಕಲ್ಲಾದ ಮರದ ದಿಮ್ಮಿಯೊಂದನ್ನೂ ಇಟ್ಟಿದ್ದಾರೆ, ಸುಮಾರು 2 ಕೋಟಿ ವರ್ಷದ್ದು. ಬಂಡೆ 30 ಮೀಟರ್, ಮರ 20 ಸೆಂಟಿಮೀಟರ್. ಎರಡನ್ನೂ ನೋಡದೆ ಹೊರಗೆ ಬರಬೇಡಿ.

ಬೆಳಗ್ಗೆ ಎಂಟಕ್ಕೆ ಅಲ್ಲಿರಿ. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಮೂವತ್ತೆಂಟು ಮಕ್ಕಳನ್ನು ಹತ್ತಿಸಿದ್ದೆ ನಾನು. ಕಾದ ಕಲ್ಲಿನ ಮೇಲೆ ಕುಣಿಯುತ್ತಿದ್ದವರಿಗೆ 300 ಕೋಟಿ ಯಾಕೆ ಬೇಕು? ಸುತ್ತಿಗೆ, ಉಳಿ ಬೇಡವೇ ಬೇಡ. ಮೆಟ್ರೋದಲ್ಲಿ ಹಸಿರು ಮಾರ್ಗದ ಲಾಲ್‌ಬಾಗ್ ಸ್ಟೇಷನ್ನಿಗೆ ಇಳಿದರೆ ಬಸ್ಸಿನ ಬಾಡಿಗೆಯೂ ಉಳಿಯಿತು. ಅಷ್ಟೂ ಆಗದ ಶಾಲೆಯವರು ಅಡುಗೆಮನೆಯ ಕಡಪ ಕಲ್ಲು ನೋಡಿಕೊಂಡು ಬರಲು ಹೇಳಿ. ಅದು ನೀರಿನ ತಳದಲ್ಲಿ ಕೂತು ಆದ ಸುಣ್ಣದಕಲ್ಲು, ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು, ಅದರ ಮೇಲೆ ನಾವು ಚಪಾತಿ ಲಟ್ಟಿಸುತ್ತೇವೆ. ಪದರಕ್ಕೆ ಇನ್ನೊಂದು ಬಿಟ್ಟಿ ಸಾಧನ ನಮ್ಮ ಊರಿನಲ್ಲಿ ಯಾವಾಗಲೂ ಸಿಗುತ್ತೆ: ಪೈಪಿಗೋ ಕೇಬಲ್ಲಿಗೋ ಅಗೆದ ರಸ್ತೆ. ಕೆಳಗೆ ಕೆಮ್ಮಣ್ಣು, ಮೇಲೆ ಜಲ್ಲಿ, ಅದರ ಮೇಲೆ ಹಳೇ ಟಾರು, ಹೊಸ ಟಾರು. ಹಳೆಯದು ಕೆಳಗೆ. ದೂರ ನಿಂತು ತೋರಿಸಿ, ಅಷ್ಟೇ.

"ಯಾರು ಎಣಿಸಿದ್ದು ಮಿಸ್?"

ದೊಡ್ಡ ಮಕ್ಕಳು ಇದನ್ನು ಕೇಳೇ ಕೇಳುತ್ತಾರೆ, ಕೇಳಬೇಕು ಕೂಡ. ಇದಕ್ಕೆ ಹುಣಸೆ ಬೀಜ ಸಾಕು. ಚೌಕಾಬಾರಕ್ಕೆ ಮಾಡುವ ಹಾಗೆ ಬೀಜದ ಒಂದು ಮಗ್ಗುಲು ತೇಯ್ದು ಬಿಳಿ ಮಾಡಿ, ನೂರು ಬೀಜ ಚೆಲ್ಲಿ. ಬಿಳಿ ಮೇಲಾಗಿ ಬಿದ್ದವನ್ನು ತೆಗೆದು ಎಣಿಸಿ, ಉಳಿದವನ್ನು ಮತ್ತೆ ಚೆಲ್ಲಿ. ನೂರು ಐವತ್ತರ ಹತ್ತಿರ ಬರುತ್ತೆ, ಆಮೇಲೆ ಇಪ್ಪತ್ತೈದು, ಆಮೇಲೆ ಹನ್ನೆರಡೋ ಹದಿಮೂರೋ. ಈಗ ಒಬ್ಬರನ್ನು ಹೊರಗೆ ಕಳಿಸಿ, ಒಳಗಿನವರು ಎಷ್ಟು ಸಲ ಚೆಲ್ಲಿದರು ಅಂತ ಉಳಿದ ಬೀಜ ನೋಡಿ ಹೇಳಲು ಬಿಡಿ. ಯುರೇನಿಯಂ ಹೀಗೇ ಸೀಸವಾಗುತ್ತಾ ಹೋಗುತ್ತೆ, ಅದರ ಮುಖ್ಯ ಬಗೆಯಲ್ಲಿ ಅರ್ಧ ಕರಗಲು 447 ಕೋಟಿ ವರ್ಷ ಬೇಕು. ಹೆಚ್ಚುಕಮ್ಮಿ ಭೂಮಿಯ ವಯಸ್ಸೇ, ಅಲ್ವಾ? ಇಂಥ ಹಳೇ ಬಂಡೆಯೊಳಗಿನ ಜಿರ್ಕಾನ್ ಎಂಬ ಪುಟ್ಟ ಹರಳಿನಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟಾಗಿದೆ ಅಂತ ಅಳೆದು ವಯಸ್ಸು ಹಿಡಿಯುತ್ತಾರೆ. ಆರನೇ ಕ್ಲಾಸಿಗಿಂತ ಕೆಳಗಿನವರಿಗೆ ಈ ಆಟ ಬೇಡ, ಅವರಿಗೆ ಬರೀ ಚೌಕಾಬಾರ ಸಾಕು.

ಅಗೆಯುವ ಕಿಟ್

ಈಗ ಬಸವನಗುಡಿಯವರ ಪ್ರಶ್ನೆ. ಪೆಟ್ಟಿಗೆ ತೆರೆದರೆ ಒಂದು ಪ್ಲಾಸ್ಟರ್ ಇಟ್ಟಿಗೆ, ಚಿಕ್ಕ ಉಳಿ, ಬ್ರಷ್. ಮಗು ಕೆರೆದು ಕೆರೆದು ಪ್ಲಾಸ್ಟಿಕ್ ಮೂಳೆ ತೆಗೆದು ಜೋಡಿಸುತ್ತೆ. ಖುಷಿ ಪಡುತ್ತೆ, ಸುಳ್ಳು ಹೇಳಲ್ಲ. ತಾಳ್ಮೆಯಿಂದ ಬ್ರಷ್ ಆಡಿಸೋದು ಕಲಿಯುತ್ತೆ, ಅದೂ ಒಳ್ಳೆಯದೇ. ಆದರೆ ಎಲ್ಲ ಮೂಳೆ ಒಂದೇ ಕಡೆ, ಒಂದೂ ಮುರಿಯದೆ, ಅರ್ಧ ಗಂಟೆಯಲ್ಲಿ ಸಿಗುತ್ತೆ ಅನ್ನುವ ತಪ್ಪು ಜೊತೆಗೇ ಬರುತ್ತೆ. ಪಳೆಯುಳಿಕೆ ಅಂದರೆ ಡೈನೋಸಾರ್ ಮೂಳೆ ಅಷ್ಟೇ ಅನ್ನುವ ಇನ್ನೊಂದು ತಪ್ಪೂ ಬರುತ್ತೆ. ಚಿಪ್ಪು, ಎಲೆ, ಹೆಜ್ಜೆ ಗುರುತು, ಮೊಟ್ಟೆ, ಲದ್ದಿ ಕೂಡ ಪಳೆಯುಳಿಕೆಯೇ ಅಂದರೆ ಮಕ್ಕಳು ಲದ್ದಿಗೆ ನಕ್ಕು ಆಮೇಲೆ ಯಾವತ್ತೂ ಮರೆಯಲ್ಲ.

ಅದೇ ದುಡ್ಡಿನಲ್ಲಿ ಇಡೀ ಕ್ಲಾಸಿಗೆ ಆಗುವ ದಾರಿ ಇದೆ. ಗಣೇಶ ಮಾಡುವ ಜೇಡಿಮಣ್ಣು ತಟ್ಟಿ, ಅದರ ಮೇಲೆ ಕಪ್ಪೆಚಿಪ್ಪೋ ದಪ್ಪ ನರದ ಎಲೆಯೋ ಒತ್ತಿ ತೆಗೆಯಿರಿ. ಆ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು ಒಂದು ಗಂಟೆ ಬಿಡಿ. ಜೀವ ಹೋಯಿತು, ಗುರುತು ಉಳಿಯಿತು, ಗುರುತಿನೊಳಗೆ ಬೇರೆ ಖನಿಜ ತುಂಬಿತು: ಪಳೆಯುಳಿಕೆ ಆಗುವ ಒಂದು ದಾರಿ ಹೀಗೇ. ಎರಡು ಎಚ್ಚರಿಕೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯಾಗುತ್ತೆ, ಮಗು ಅದರೊಳಗೆ ಕೈಯಿಟ್ಟರೆ ಸುಟ್ಟುಕೊಳ್ಳುತ್ತೆ, ಕಲಸೋದು ದೊಡ್ಡವರೇ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ನಾನು ಸುರಿದಿದ್ದೆ, ಪ್ಲಂಬರ್‌ಗೆ ಕೊಟ್ಟ ದುಡ್ಡಿನಲ್ಲಿ ಎರಡು ಕಿಟ್ ಬರುತ್ತಿತ್ತು.

ಇನ್ನೊಂದು ಮಾತು. ಕೆಲವರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತೆ. ನೇಪಾಳದ ಗಂಡಕಿ ನದಿಯಿಂದ ಬಂದ ಆ ಕಪ್ಪು ಕಲ್ಲಿನಲ್ಲಿ ಚಕ್ರದ ಗುರುತಿದ್ದರೆ ಅದು ಅಮ್ಮೊನೈಟ್ ಎಂಬ ಕಡಲ ಪ್ರಾಣಿಯ ಚಿಪ್ಪಿನದು. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಸಮುದ್ರದಲ್ಲಿ ಈಜಾಡಿಕೊಂಡಿದ್ದವು. ಶಾಲೆಗೆ ತನ್ನಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಪೂಜೆಯ ವಸ್ತು, ಮನೆಯಲ್ಲಿ ತಾತನ ಪಕ್ಕ ಕೂತು ನೋಡಿದರೆ ಸಾಕು.

ಮ್ಯೂಸಿಯಂ, ವಿಡಿಯೋ

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಅಲ್ಲಾಡುವ ದೊಡ್ಡ ಸ್ಪೈನೋಸಾರಸ್ ಮಾದರಿ ಇದೆ. ಚಿಕ್ಕ ಮಕ್ಕಳಿಗೆ ಗಾತ್ರ ಅರ್ಥವಾಗಲು ಇದಕ್ಕಿಂತ ಸುಲಭ ದಾರಿ ಊರಲ್ಲಿಲ್ಲ. ಆದರೆ ಅದು ಆಫ್ರಿಕಾದ ಪ್ರಾಣಿ, ನೋಡುತ್ತಿರೋದು ಮಾದರಿ ಅಂತ ಬಾಯಿಬಿಟ್ಟು ಹೇಳಿ. ನಮ್ಮ ದೇಶದ್ದು ಬೇಕಿದ್ದರೆ ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್ ಕಥೆ ಹೇಳಿ, ಅದಕ್ಕೆ ಹೆಸರಿಟ್ಟಿದ್ದು 2003ರಲ್ಲಿ. ಮಿಕ್ಕ ದಿನವೆಲ್ಲ ವಿಮಾನ, ಎಂಜಿನ್ ನೋಡಿಕೊಂಡು ಕಳೆಯಬಹುದು, ಟಿಕೆಟ್ಟಿಗೆ ಮೋಸ ಇಲ್ಲ.

ವಿಡಿಯೋ ಅಗ್ಗ, ನಡೆಯೋದು ಓಡೋದು ಕಾಣುತ್ತೆ. ಆದರೆ ಕಾಲವನ್ನು ಕಲಸುಮೇಲೋಗರ ಮಾಡೋದರಲ್ಲಿ ಅದಕ್ಕೆ ಮೊದಲ ಬಹುಮಾನ. ಸ್ಟೆಗೊಸಾರಸ್ ಮತ್ತು ಟಿ. ರೆಕ್ಸ್ ಜಗಳ ನೋಡಿರುತ್ತೀರಿ. ಸ್ಟೆಗೊಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷ ಹಿಂದೆ, ಟಿ. ರೆಕ್ಸ್ 6.7 ಕೋಟಿ ವರ್ಷ ಹಿಂದೆ. ಟಿ. ರೆಕ್ಸ್‌ಗೆ ಸ್ಟೆಗೊಸಾರಸ್‌ಗಿಂತ ನಾವೇ ಹತ್ತಿರ. ಹಗ್ಗದ ಪಕ್ಕ ಕೂತು ನೋಡಿದರೆ ಪರವಾಗಿಲ್ಲ, ಬರೀ ವಿಡಿಯೋ ಆದರೆ ಬೇಡ.

ಬಸ್ಸು ಇದ್ದವರಿಗೆ

ಅರ್ಧ ದಿನ ಮಾತ್ರ ಇದ್ದರೆ ರಾಮನಗರ. ಆ ಬೆಟ್ಟಗಳ ಗ್ರಾನೈಟ್‌ಗೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಊರಿನ ಹಳೇ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ. ಆದರೆ ಲಾಲ್‌ಬಾಗ್ ನೋಡಿದವರಿಗೆ ಹೊಸದಾಗಿ ಸಿಗೋದು ಕಮ್ಮಿ. ಪೂರ್ತಿ ಒಂದು ದಿನ ಇದ್ದರೆ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಹೋಗಿ. ನೀರಿನೊಳಗೆ ಉಕ್ಕಿದ ಲಾವಾ ದಿಂಬು ಪೇರಿಸಿಟ್ಟ ಹಾಗೆ ಗಟ್ಟಿಯಾಗಿದೆ. ಈಗ ಬಿರುಬಿಸಿಲಿನ ಬಯಲು ಅದು, ಇಲ್ಲಿ ಒಂದು ಕಾಲಕ್ಕೆ ನೀರಿತ್ತು ಅಂತ ಕಲ್ಲೇ ಹೇಳುತ್ತೆ.

ಎರಡು ದಿನ ಇದ್ದರೆ ನಿಜವಾದ ಇಕ್ಕಟ್ಟು ಶುರು. ಎಲ್ಲರೂ ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಅನ್ನುತ್ತಾರೆ. 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಲಾವಾ, ಕಂಬ ಕಂಬವಾಗಿ ನಿಂತಿದೆ, ನೋಡಲು ಸೊಗಸು. ಆದರೆ ಮಳೆಗಾಲದಲ್ಲಿ ದೋಣಿ ಇಲ್ಲ, ಅಲ್ಲಿ ಸಿಗೋದು ಮತ್ತೆ ಕಲ್ಲೇ, ಜೊತೆಗೆ ಸಮುದ್ರ ಕಂಡ ಮಕ್ಕಳು ಕಲ್ಲು ನೋಡಲ್ಲ. ನಾನಾದರೆ ತಮಿಳುನಾಡಿನ ಕಡೆ ತಿರುಗುತ್ತೇನೆ. ತಿರುವಕ್ಕರೈನಲ್ಲಿ ಕಲ್ಲಾದ ಮರಗಳು ಬಯಲಲ್ಲೇ ಬಿದ್ದಿವೆ. ಅರಿಯಲೂರಿನ ಸುತ್ತ ಡೈನೋಸಾರ್ ಕಾಲದ ಸಮುದ್ರದ ಚಿಪ್ಪು, ಅಮ್ಮೊನೈಟ್ ಸಿಕ್ಕಿವೆ, ವಾರಣವಾಸಿಯಲ್ಲಿ ಅದಕ್ಕೇ ಒಂದು ಸರ್ಕಾರಿ ಮ್ಯೂಸಿಯಂ ಇದೆ. ಊಟ, ಬಿಸಿಲು, ದೂರ ಎಲ್ಲದರಲ್ಲೂ ಇದು ಮಲ್ಪೆಗಿಂತ ಕಷ್ಟ. ಬೆಂಗಳೂರಿನಲ್ಲಿ ಎಷ್ಟು ಹುಡುಕಿದರೂ ಸಿಗದ ಜೀವ ಮಾತ್ರ ಅಲ್ಲಿದೆ. ಪೂರ್ತಿ ಡೈನೋಸಾರ್ ಅಸ್ಥಿಪಂಜರವೇ ಬೇಕು ಅನ್ನುವವರಿಗೆ ಹೈದರಾಬಾದಿನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಕೋಟಾಸಾರಸ್ ನಿಂತಿದೆ. ರಾತ್ರಿ ರೈಲು ಹಿಡಿದರೆ ಆಯಿತು.

ಹಾಗಾದರೆ ಯಾರಿಗೆ ಯಾವುದು

ಮೇಷ್ಟ್ರಿಗೆ ನಾನು ಹೇಳಿದ್ದು ಹಗ್ಗ, ಹುಣಸೆ ಬೀಜ, ಜೇಡಿಮಣ್ಣು, ಈ ಮೂರೇ. ಮೆಟ್ರೋ ಖರ್ಚಿಗೆ ಯಾರಾದರೂ ಸಿಕ್ಕರೆ ಲಾಲ್‌ಬಾಗ್. ಹಳೆಯ ಸಹೋದ್ಯೋಗಿಗೆ, ಏಳು-ಎಂಟನೇ ಕ್ಲಾಸಾದರೆ ಅರಿಯಲೂರು, ಚಿಕ್ಕವರಾದರೆ ಮರಡಿಹಳ್ಳಿ, ಎರಡಕ್ಕೂ ಮೊದಲು ಶಾಲೆಯ ಅಂಗಳದಲ್ಲಿ ಹಗ್ಗ ಅಂದೆ. ಹಗ್ಗ ಹಿಡಿಯದೆ ಬಸ್ ಹತ್ತಿದ ಮಕ್ಕಳಿಗೆ ಎಲ್ಲವೂ "ತುಂಬಾ ಹಳೇದು" ಅಷ್ಟೇ.

ಬಸವನಗುಡಿಯವರಿಗೆ, ಕಿಟ್ ಕೊಡಿಸಿ ಅಂತಲೇ ಹೇಳಿದೆ. ಹುಟ್ಟುಹಬ್ಬ ಅಲ್ವಾ, ಪಾಠದ ಪುಸ್ತಕ ಕೊಟ್ಟು ಮುಖ ಸಣ್ಣ ಮಾಡಿಸಬೇಡಿ. ಆ ಭಾನುವಾರವೇ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಮನೆಯಿಂದ ನಡೆದೇ ಹೋಗಬಹುದಾದ ದೂರ. ಬಂಡೆ ಹತ್ತಿ ಕೂತ ಮೇಲೆ, ಇಲ್ಲಿ ಯಾಕೆ ಮೂಳೆ ಸಿಗಲ್ಲ ಹೇಳು ನೋಡೋಣ ಅಂತ ಕೇಳಿ. ಎರಡು ದಿನ ಬಿಟ್ಟು ಫೋನ್ ಮಾಡಿದ್ದರು. ಮಗಳು ಉತ್ತರ ಹೇಳಿದಳಂತೆ, ಈಗ ಮನೆಯ ಮೆಟ್ಟಿಲು, ಸಿಂಕಿನ ಕಟ್ಟೆ, ಒರಳುಕಲ್ಲು ಎಲ್ಲದಕ್ಕೂ ಎಷ್ಟು ವಯಸ್ಸು ಅಂತ ಕೇಳುತ್ತಿದ್ದಾಳಂತೆ. ಒರಳುಕಲ್ಲನ್ನು ನಾನು ನೋಡಿಲ್ಲ, ಫೋಟೋ ಕಳಿಸಿ ಅಂದಿದ್ದೇನೆ.